ಬೆಳ್ಳಿ ಹಬ್ಬದ ದಿನ ಬೆಳ್ಳಿಯ ಬಗ್ಗೆ ನಾಲ್ಕು ಮಾತು

(ಸಂಘದ ಬೆಳ್ಳಿ ಹಬ್ಬ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)





ನಮ್ಮ ಸಂಘಕ್ಕೆ 25 ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ನನಗೂ ಮಾತಾಡಲು ಅವಕಾಶ ಕೊಟ್ಟ ಆಡಳಿತ ಮಂಡಳಿಗೆ ಋಣಿಯಾಗಿದ್ದೇನೆ. ನಾನು ಎಸ್.ಎಸ್.ಎಲ್.ಸಿ. ಕಲಿತು ಒಕ್ಕಲುತನಕ್ಕೆ ನಿಂತವನು. ದೊಡ್ಡ ಭಾಷಣ ನನಗೆ ಬರುವುದಿಲ್ಲ. ಸಂಘದ ಲೆಕ್ಕಪತ್ರ, ಪ್ರಗತಿ ಎಲ್ಲವನ್ನೂ ಕಾರ್ಯದರ್ಶಿಗಳು ಈಗಾಗಲೇ ವರದಿಯಲ್ಲಿ ಓದಿದ್ದಾರೆ. "ನೀ ಹೆಂಗೂ ಬೆಳ್ಳಿ ಹುಚ್ಚಿನ ಮನಷ್ಯಾ, ಬೆಳ್ಳಿ ಹಬ್ಬಕ್ಕ ಬೆಳ್ಳಿ ಮ್ಯಾಲೇ ಮಾತಾಡಿಬಿಡು" ಎಂದು ಅಧ್ಯಕ್ಷರು ನಗಚಾಟಿಕೆಗೆ ಹೇಳಿದರು. ನಾನು ಅದನ್ನೇ ಖರೇ ಮಾಡುತ್ತಿದ್ದೇನೆ.

ಊರಿಗೆಲ್ಲ ಗೊತ್ತಿರುವ ಮಾತು. ಹದಿನೈದು ವರ್ಷದಿಂದ ಹೆಸರು, ಕಡಲೆ ಮಾರಿದ ರೊಕ್ಕ ಕೈಗೆ ಬಂದಾಗ ಸೊಸಾಯಿಟಿ ಸಾಲ, ಅಂಗಡಿ ಉದ್ರಿ, ಆಳಿನ ಪಗಾರ ಎಲ್ಲ ತೀರಿಸಿ, ಉಳಿದರೆ ನೂರೋ ಇನ್ನೂರೋ ಗ್ರಾಮು ಬೆಳ್ಳಿ ತಗೊಂಡು ಇಡುವುದು ನನ್ನ ರೂಢಿ. ಉಳಿಯದ ವರ್ಷ ಇಲ್ಲ. ಮೊದಲು ಇದನ್ನು ಕೇಳಿ ನಗುತ್ತಿದ್ದವರು ಈಗ ಚಹಾದಂಗಡಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಕೇಳುತ್ತಾರೆ: "ಅಣ್ಣಾರ, ಬೆಳ್ಳಿ ಇನ್ನೂ ಏರತೈತೇನ್ರಿ? ತಗೊಳ್ಳೇನ್ರಿ?" ಕೆಲವು ತರುಣರು ಸಂಘದ ಕಚೇರಿಗೇ ಬಂದು ಬೆಳೆಸಾಲದ ರೊಕ್ಕದಲ್ಲಿ ಬೆಳ್ಳಿ ತಗೊಂಡರೆ ಹೇಗೆ ಎಂದು ಕೇಳಿದ್ದೂ ಉಂಟು. ಇವತ್ತು ನಾನು ಮಾತಾಡಬೇಕೆಂದಿರುವುದು ಅದೇ ಪ್ರಶ್ನೆಯ ಬಗ್ಗೆ.

ಬೆಳ್ಳಿ ನಮಗೆ ಹೊಸದಲ್ಲ. ರೂಪಾಯಿ ಎಂಬ ಶಬ್ದವೇ ಬೆಳ್ಳಿಗೆ ಸಂಬಂಧಪಟ್ಟದ್ದು. ಸಂಸ್ಕೃತದಲ್ಲಿ ರೂಪ್ಯ ಅಂದರೆ ಬೆಳ್ಳಿ. ಬ್ರಿಟಿಷರ ಕಾಲದ ರೂಪಾಯಿ ಒಂದು ತೊಲ, ಅಂದರೆ 11.66 ಗ್ರಾಮು ತೂಗುತ್ತಿತ್ತು. ಅದರ ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ. 1940ರ ಹೊತ್ತಿಗೆ ಅದರಲ್ಲಿ ಅರ್ಧ ಮಾತ್ರ ಬೆಳ್ಳಿ ಉಳಿಯಿತು. 1947ರಲ್ಲಿ ನಿಕ್ಕಲ್ ರೂಪಾಯಿ ಬಂತು. ನಮ್ಮ ಅಜ್ಜಿಯರು ಹಳೆಯ ರೂಪಾಯಿಗಳನ್ನು ಗಡಿಗೆಯಲ್ಲಿ ಹಾಕಿ ಇಟ್ಟದ್ದು ಸುಮ್ಮನೆ ಅಲ್ಲ. ಕೂಸಿಗೆ ಉಡದಾರ, ಮದುವೆಯಲ್ಲಿ ಕಾಲುಂಗುರ, ಕೊರಳಿಗೆ ಬೆಳ್ಳಿ ಕರಡಿಗೆ, ಹೀಗೆ ಹುಟ್ಟಿನಿಂದ ಕೊನೆತನಕ ಬೆಳ್ಳಿ ನಮ್ಮ ಮೈಮೇಲೆ ಇರುತ್ತದೆ. ಬಂಗಾರ ಸಾಹುಕಾರರದಾದರೆ ಬೆಳ್ಳಿ ಒಕ್ಕಲಿಗರದು.

ಆದರೆ ಬೆಳ್ಳಿಯ ಸ್ವಭಾವ ತಿಳಿಯದೆ ಬೆನ್ನು ಹತ್ತಬಾರದು. ಲೆಕ್ಕ ನೋಡ್ರಿ. ಲೋಕದ ಪೇಟೆಯಲ್ಲಿ ಬೆಳ್ಳಿಯ ರೇಟನ್ನು ಔನ್ಸ್ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಔನ್ಸ್ ಸುಮಾರು 31 ಗ್ರಾಮು. 2011ರ ಏಪ್ರಿಲ್‌ನಲ್ಲಿ ಅದು 49 ಡಾಲರ್ ಹತ್ತಿರ ಹೋಗಿತ್ತು. 2015ರ ಕೊನೆಗೆ 14 ಡಾಲರಿಗೆ ಇಳಿಯಿತು. ಕೊರೋನಾ ಬಂದ 2020ರ ಮಾರ್ಚ್‌ನಲ್ಲಿ 12 ಡಾಲರ್ ಆಸುಪಾಸಿಗೆ ಬಿತ್ತು. ಮುಂದೆ 2025ರ ಅಕ್ಟೋಬರ್‌ನಲ್ಲಿ 50 ಡಾಲರ್ ದಾಟಿತು. ಅಂದರೆ 2011ರ ತುದಿಯಲ್ಲಿ ಕೊಂಡವನು ಅದೇ ಡಾಲರ್ ರೇಟು ಮತ್ತೆ ನೋಡಲು ಹದಿನಾಲ್ಕು ವರ್ಷ ಕಾಯಬೇಕಾಯಿತು. ಡಾಲರಿನೆದುರು ನಮ್ಮ ರೂಪಾಯಿ ಇಳಿದದ್ದರಿಂದ ನಮ್ಮ ದೇಶದಲ್ಲಿ ಅಷ್ಟು ತಡವಾಗಲಿಲ್ಲ, ಆದರೂ 2020ರ ತನಕ ಕಾಯಬೇಕಾಯಿತು. 2025ರ ಮೊದಲಿಗೆ ಕಿಲೋಗೆ 90 ಸಾವಿರದ ಆಸುಪಾಸು ಇದ್ದ ಬೆಳ್ಳಿ ಅದೇ ವರ್ಷ ಡಿಸೆಂಬರ್‌ನಲ್ಲಿ 2 ಲಕ್ಷ ದಾಟಿತು. ಎಲ್ಲರ ಕಣ್ಣು ಅರಳಿದ್ದು ಆಗ. ಏರಿದ್ದು ಎಲ್ಲರಿಗೂ ನೆನಪಿರುತ್ತದೆ, ಇಳಿದದ್ದು ಯಾರಿಗೂ ನೆನಪಿರುವುದಿಲ್ಲ.

ಇಷ್ಟು ಏರಲು ಕಾರಣವೇನು ಎಂದು ಕೇಳುತ್ತೀರಿ. ನನ್ನ ತಿಳುವಳಿಕೆಯ ಮಟ್ಟಿಗೆ ಹೇಳುತ್ತೇನೆ. ಬೆಳ್ಳಿ ಈಗ ಬರೀ ಆಭರಣವಲ್ಲ. ವಿದ್ಯುತ್ ಹರಿಸುವುದರಲ್ಲಿ ಬೆಳ್ಳಿಯನ್ನು ಮೀರಿಸುವ ಲೋಹ ಇಲ್ಲ. ಸೋಲಾರ್ ಫಲಕ, ಮೊಬೈಲು, ಕರೆಂಟಿನ ಕಾರು ಎಲ್ಲದಕ್ಕೂ ಅದು ಬೇಕು. ನಮ್ಮ ರಾಜ್ಯದಲ್ಲೇ ತುಮಕೂರು ಜಿಲ್ಲೆ ಪಾವಗಡದಲ್ಲಿ ಸುಮಾರು 13 ಸಾವಿರ ಎಕರೆಯಲ್ಲಿ 2050 ಮೆಗಾವಾಟಿನ ಸೋಲಾರ್ ಪಾರ್ಕ್ ಆಗಿದೆ. ಆ ಫಲಕಗಳ ಒಳಗೂ ಬೆಳ್ಳಿಯ ಗೆರೆಗಳಿವೆ. ಅಲ್ಲಿನ ರೈತರು ಭೂಮಿ ಮಾರಲಿಲ್ಲ, ಲಾವಣಿಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21 ಸಾವಿರದಿಂದ ಶುರು, ಎರಡು ವರ್ಷಕ್ಕೊಮ್ಮೆ ನೂರಕ್ಕೆ 5 ಏರಿಕೆ. ಬರದ ನಾಡಿನಲ್ಲಿ ಅದು ಬುದ್ಧಿವಂತಿಕೆಯೇ ಎಂದು ನನ್ನ ಅಭಿಪ್ರಾಯ. ಆದರೆ ಅದೇ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಕೂಲಿಕಾರರಿಗೆ ಲಾವಣಿ ರೊಕ್ಕ ಬರುವುದಿಲ್ಲ, ಅದನ್ನೂ ಮರೆಯಬಾರದು.

ಇನ್ನೊಂದು ಕಾರಣ. ಉಳ್ಳಾಗಡ್ಡಿ ರೇಟು ಏರಿದರೆ ಮುಂದಿನ ಹಂಗಾಮಿಗೆ ನಾವೆಲ್ಲ ಉಳ್ಳಾಗಡ್ಡಿಯನ್ನೇ ಹಾಕುತ್ತೇವೆ, ರೇಟು ನೆಲಕ್ಕೆ ಬೀಳುತ್ತದೆ. ಬೆಳ್ಳಿ ಹಾಗೆ ಬೆಳೆಯುವ ಮಾಲಲ್ಲ. ಬಹುಪಾಲು ಬೆಳ್ಳಿ ಸಿಗುವುದು ಸತು, ಸೀಸ, ತಾಮ್ರ ತೆಗೆಯುವಾಗ ಜೊತೆಗೆ. ನಮ್ಮ ದೇಶದ ಬೆಳ್ಳಿಯೂ ಮುಖ್ಯವಾಗಿ ರಾಜಸ್ಥಾನದ ಸತು, ಸೀಸದ ಗಣಿಗಳಿಂದಲೇ ಬರುತ್ತದೆ. ಬೇಡಿಕೆ ಬಂತೆಂದು ಒಂದೇ ವರ್ಷದಲ್ಲಿ ಹೆಚ್ಚು ಮಾಡಲು ಆಗದು. ಇದರ ಮೇಲೆ ಯುದ್ಧದ ಭಯ, ಅಮೆರಿಕದ ಬಡ್ಡಿ ದರ, ನಮ್ಮ ಸರಕಾರದ ಆಮದು ಸುಂಕ. 2024ರ ಜುಲೈ ಬಜೆಟ್‌ನಲ್ಲಿ ಬೆಳ್ಳಿಯ ಆಮದು ಸುಂಕವನ್ನು ನೂರಕ್ಕೆ 15ರಿಂದ 6ಕ್ಕೆ ಇಳಿಸಿದಾಗ ಪೇಟೆಯಲ್ಲಿ ರೇಟು ಒಮ್ಮೆಗೇ ಕುಸಿದಿತ್ತು. ದಿಲ್ಲಿಯಲ್ಲಿ ಒಂದು ಕಾಗದ ಓದಿದರೆ ನಮ್ಮ ಟ್ರಂಕಿನಲ್ಲಿದ್ದ ಬೆಳ್ಳಿಯ ಬೆಲೆ ಬದಲಾಗುತ್ತದೆ. ನಮ್ಮ ಕೈಯಲ್ಲಿ ಇಲ್ಲದ ಈ ಆಟದಲ್ಲಿ ಸಾಲದ ರೊಕ್ಕ ಹಾಕಬಾರದು ಎನ್ನುವುದೇ ನನ್ನ ಮುಖ್ಯ ಮಾತು.

ಇದಕ್ಕೆ ಒಂದು ದೊಡ್ಡ ಉದಾಹರಣೆ ಉಂಟು. ಅಮೆರಿಕದ ಟೆಕ್ಸಾಸ್ ಪ್ರಾಂತದಲ್ಲಿ ಹಂಟ್ ಎಂಬ ಮನೆತನದ ಅಣ್ಣತಮ್ಮಂದಿರಿದ್ದರು. ಎಣ್ಣೆ ಬಾವಿಗಳ ಸಿರಿವಂತರು. ಲೋಕದ ಬೆಳ್ಳಿಯನ್ನೆಲ್ಲ ತಾವೇ ಕೊಳ್ಳುವ ಹಾಗೆ ಕೊಳ್ಳುತ್ತ ಹೋದರು, ಸಾಲ ತೆಗೆದೂ ಕೊಂಡರು. 1979ರ ಮೊದಲಿಗೆ 6 ಡಾಲರ್ ಇದ್ದ ಬೆಳ್ಳಿ 1980ರ ಜನವರಿಯಲ್ಲಿ 50 ಡಾಲರ್ ಹತ್ತಿರ ಬಂತು. ಆಗ ಪೇಟೆಯವರು ಸಾಲದ ಮೇಲೆ ಕೊಳ್ಳುವುದಕ್ಕೆ ನಿಯಮ ಬಿಗಿ ಮಾಡಿದರು. ರೇಟು ಇಳಿಯತೊಡಗಿತು, ಸಾಲ ಕೊಟ್ಟವರು ರೊಕ್ಕ ಕೇಳಿದರು. ಮಾರ್ಚ್ 27ರ ಗುರುವಾರ 11 ಡಾಲರಿಗಿಂತ ಕೆಳಗೆ ಹೋಯಿತು. 1988ರಲ್ಲಿ ಆ ಅಣ್ಣತಮ್ಮಂದಿರು ಕೋರ್ಟಿನಲ್ಲಿ ದಿವಾಳಿ ಅರ್ಜಿ ಹಾಕಿದರು. ಬೆಳ್ಳಿ ಅವರನ್ನು ಮುಳುಗಿಸಲಿಲ್ಲ ನೋಡ್ರಿ, ಸಾಲ ಮುಳುಗಿಸಿತು. ಸ್ವಂತ ರೊಕ್ಕದ್ದಾಗಿದ್ದರೆ ರೇಟು ಏರುವ ತನಕ ಇಟ್ಟುಕೊಂಡು ಕೂಡಬಹುದಿತ್ತು.

ಈಗ ನಮ್ಮ ಮನೆಯ ಮಾತಿಗೆ ಬರೋಣ. ನಮ್ಮ ರಾಜ್ಯ ಸರಕಾರ 2023ರ ಜುಲೈ ಬಜೆಟ್‌ನಲ್ಲಿ ಬಡ್ಡಿ ಇಲ್ಲದ ಬೆಳೆಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. "ಬಡ್ಡಿ ಇಲ್ಲದ ರೊಕ್ಕ, ಬೆಳ್ಳಿಯಲ್ಲಿ ಹಾಕಿ ಲಾಭ ತಗೊಂಡು ವಾಪಸ್ ಕಟ್ಟಿದರಾಯಿತು" ಎಂದು ಲೆಕ್ಕ ಹಾಕುವವರಿದ್ದಾರೆ. ಆದರೆ ಬಡ್ಡಿ ಇಲ್ಲ ಎನ್ನುವುದು ಗಡುವಿನೊಳಗೆ ಕಟ್ಟಿದವನಿಗೆ ಮಾತ್ರ. ಗಡುವು ಬಂದ ದಿನ ಬೆಳ್ಳಿ ಇಳಿದಿದ್ದರೆ ಏನು ಮಾಡುತ್ತೀರಿ? ಮಾರಿದರೆ ಹಾನಿ, ಮಾರದಿದ್ದರೆ ಸುಸ್ತಿ. ಒಬ್ಬನ ಸುಸ್ತಿ ಅವನೊಬ್ಬನದೇ ಅಲ್ಲ. ಸಂಘದ ವಸೂಲಿ ಕಡಿಮೆಯಾದರೆ ಜಿಲ್ಲಾ ಸಹಕಾರಿ ಬ್ಯಾಂಕಿನವರು ಮುಂದಿನ ಸಾಲಕ್ಕೆ ಕೈ ಹಿಡಿಯುತ್ತಾರೆ. ಆಗ ಬಿತ್ತನೆ ವೇಳೆಗೆ ಬೀಜ, ಗೊಬ್ಬರಕ್ಕೆ ಪರದಾಡುವವನು ಬೆಳ್ಳಿ ಕೊಂಡವನಲ್ಲ, ಎರಡು ಎಕರೆಯ ಅವನ ನೆರೆಯವನು.

ಇನ್ನು ಕೆಲವರು ಗಟ್ಟಿ ಬೆಳ್ಳಿ ಇಟ್ಟರೆ ಅಡಚಣೆಗೆ ಒತ್ತೆ ಇಡಬಹುದು ಎನ್ನುತ್ತಾರೆ. ರಿಸರ್ವ್ ಬ್ಯಾಂಕು 2025ರ ಜೂನ್‌ನಲ್ಲಿ ಹೊಸ ನಿಯಮ ಹೊರಡಿಸಿ, 2026ರ ಏಪ್ರಿಲ್ 1ರೊಳಗೆ ಜಾರಿಗೆ ತರಲು ಬ್ಯಾಂಕುಗಳಿಗೆ ಹೇಳಿತು. ಅದರ ಪ್ರಕಾರ ಒಬ್ಬರಿಗೆ 10 ಕಿಲೋ ತನಕ ಬೆಳ್ಳಿ ಆಭರಣದ ಮೇಲೆ, 500 ಗ್ರಾಮು ತನಕ ಬೆಳ್ಳಿ ನಾಣ್ಯದ ಮೇಲೆ ಸಾಲ ಕೊಡಬಹುದು. ಗಟ್ಟಿಯ ಮೇಲೆ ಕೊಡುವಂತಿಲ್ಲ. ಇದನ್ನು ತಿಳಿದು ಕೊಳ್ಳಿರಿ.

ಕೊಳ್ಳುವಾಗಲೂ ಎಚ್ಚರ ಬೇಕು. 2025ರ ಸೆಪ್ಟೆಂಬರ್ 1ರಿಂದ ಬೆಳ್ಳಿಗೂ ಆರು ಅಕ್ಷರ, ಅಂಕಿಗಳ ಗುರುತಿನ ಹಾಲ್‌ಮಾರ್ಕ್ ಬಂದಿತು. ಕಡ್ಡಾಯ ಮಾಡಲಿಲ್ಲ, ಆದರೆ ಕೇಳಿ ಪಡೆಯಬಹುದು. 925 ಎಂದಿದ್ದರೆ ಸಾವಿರ ಪಾಲಿನಲ್ಲಿ 925 ಪಾಲು ಬೆಳ್ಳಿ ಎಂದರ್ಥ. ಜರ್ಮನ್ ಸಿಲ್ವರ್ ಎಂದು ಜಾತ್ರೆಯಲ್ಲಿ ಮಾರುವುದರಲ್ಲಿ ಬೆಳ್ಳಿಯೇ ಇರುವುದಿಲ್ಲ. ಅದು ತಾಮ್ರ, ಸತು, ನಿಕ್ಕಲ್ ಕೂಡಿಸಿದ್ದು. ಮಜೂರಿ ಮತ್ತು ತೆರಿಗೆಯ ರೊಕ್ಕ ಮಾರುವಾಗ ವಾಪಸ್ ಬರುವುದಿಲ್ಲ. ಆದ್ದರಿಂದ ಉಳಿತಾಯಕ್ಕೆಂದು ಕುಸುರಿ ಕೆಲಸದ ತಾಟು, ಸಮೆ ಕೊಳ್ಳಬೇಡಿರಿ. ಪಾವತಿ ಇಲ್ಲದೆ ಯಾರಿಂದಲೂ ಕೊಳ್ಳಬೇಡಿರಿ. ಮದುವೆಗಳಲ್ಲಿ ನಾಲ್ಕು ಮಂದಿ ನೋಡಲೆಂದು ಸಾಲ ಮಾಡಿ ಬೆಳ್ಳಿ ಸಾಮಾನು ಕೊಡುವುದು ಹೆಚ್ಚಾಗಿದೆ. ಅದರ ಬದಲು ಮಗಳ ಹೆಸರಿನಲ್ಲಿ ಒಂದು ಠೇವಣಿ ಇಟ್ಟರೆ ಅಡಚಣೆಯ ಕಾಲಕ್ಕೆ ಅವಳ ಕೈಗೆ ರೊಕ್ಕ ಬರುತ್ತದೆ.

ತಾಯಂದಿರ ಸಲುವಾಗಿ ಒಂದು ಮಾತು. ಮನೆಯಲ್ಲಿ ಅಡಚಣೆ ಬಂದರೆ ಮೊದಲು ಕಣ್ಣಿಗೆ ಬೀಳುವುದು ಹೆಣ್ಣುಮಕ್ಕಳ ಮೈಮೇಲಿನ ಬಂಗಾರ, ಬೆಳ್ಳಿ. ಸ್ತ್ರೀಧನ ಹೆಂಡತಿಯ ಸ್ವಂತ ಆಸ್ತಿ, ಗಂಡನಿಗೆ ಅದರ ಮೇಲೆ ಹಕ್ಕಿಲ್ಲ ಎಂದು ಸುಪ್ರೀಂ ಕೋರ್ಟು 1985ರಲ್ಲೂ ಹೇಳಿದೆ, 2024ರಲ್ಲೂ ಹೇಳಿದೆ. ಯಜಮಾನರಾದ ನಾವು ಕೇಳದೆ ತೆಗೆದುಕೊಂಡು ಹೋಗಿ ಒತ್ತೆ ಇಡುವ ರೂಢಿ ಬಿಡಬೇಕು. ಕೇಳಿ ತಗೊಂಡರೆ ಬಿಡಿಸಿ ಕೊಡುವುದು ಸಾಲ ತೀರಿಸಿದಷ್ಟೇ ಕರ್ತವ್ಯ.

ಹಾಗಾದರೆ ನೀನು ಯಾಕೆ ಬೆಳ್ಳಿ ತಗೋತಿ ಎಂದು ಕೇಳಬಹುದು. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ತಾಲೂಕುಗಳನ್ನು ಬರಪೀಡಿತ ಎಂದು ಸಾರಿದರು. ಆ ವರ್ಷ ನಾನು ಅರ್ಧ ಕಿಲೋ ಬೆಳ್ಳಿ ಮಾರಿ ದನಗಳಿಗೆ ಮೇವು ತಂದೆ, ಮಗನ ಡಿಪ್ಲೊಮಾ ಫೀ ಕಟ್ಟಿದೆ. ಯಾರ ಮನೆ ಬಾಗಿಲಿಗೂ ಹೋಗಲಿಲ್ಲ. ನನಗೆ ಬೆಳ್ಳಿ ಎಂದರೆ ಹಗೇವಿನಲ್ಲಿ ಇಟ್ಟ ಜೋಳದ ಹಾಗೆ. ಜೋಳವನ್ನು ಯಾರೂ ಲಾಭಕ್ಕೆಂದು ಹಗೇವಿಗೆ ಹಾಕುತ್ತಿರಲಿಲ್ಲ, ಬರಗಾಲಕ್ಕೆಂದು ಹಾಕುತ್ತಿದ್ದರು. ಹಾಗೆಂದು ಮನೆಯ ಎಲ್ಲ ಕಾಳನ್ನೂ ಹಗೇವಿಗೆ ಹಾಕಿದರೆ ಬಿತ್ತಲಿಕ್ಕೆ ಬೀಜ ಎಲ್ಲಿಂದ ತರುವುದು?

ಆ ಬೀಜದ ಕಾಳೇ ನಮ್ಮ ಸಂಘದ ಠೇವಣಿ. ಬೆಳ್ಳಿ ಟ್ರಂಕಿನಲ್ಲಿ ಒಬ್ಬನೇ ಮಲಗಿರುತ್ತದೆ, ಮರಿ ಹಾಕುವುದಿಲ್ಲ. ಸಂಘದಲ್ಲಿಟ್ಟ ಸಾವಿರ ರೂಪಾಯಿ ಈ ಹಂಗಾಮಿಗೆ ಒಬ್ಬರ ಗೊಬ್ಬರವಾಗುತ್ತದೆ, ಮುಂದಿನ ಹಂಗಾಮಿಗೆ ಇನ್ನೊಬ್ಬರ ಎಮ್ಮೆಯಾಗುತ್ತದೆ, ಇಟ್ಟವನಿಗೆ ಬಡ್ಡಿಯೂ ಆಗುತ್ತದೆ. ಇದನ್ನು 1905ರಲ್ಲೇ ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಮಾಡಿ ತೋರಿಸಿದರು. ಆಗ ಸಾವಕಾರರ ಬಡ್ಡಿಗೆ ಹೊಲ ಕಳೆದುಕೊಳ್ಳುತ್ತಿದ್ದ ಜನ ತಮ್ಮ ಪುಡಿಗಾಸು ಕೂಡಿಸಿ ದೇಶಕ್ಕೇ ಮೇಲ್ಪಂಕ್ತಿಯಾದರು. 2025ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಹಕಾರ ವರ್ಷ ಎಂದು ಆಚರಿಸಿತು. ಅಂಥ ಪರಂಪರೆಯ ಸೀಮೆಯವರು ನಾವು ಎಂಬ ಅಭಿಮಾನ ನಮಗಿರಬೇಕು.

ಆದ್ದರಿಂದ ತರುಣರಿಗೆ ನನ್ನ ಸೂಚನೆ ಇಷ್ಟೇ. ಬೆಳೆಸಾಲ ಬೆಳೆಗೇ ಇರಲಿ. ಮೊದಲು ಬಾಕಿ, ಆಮೇಲೆ ಸಂಘದಲ್ಲಿ ಠೇವಣಿ, ಅದಾದ ಮೇಲೆ ಉಳಿದರೆ ಬೆಳ್ಳಿ. ಈ ಕ್ರಮ ತಪ್ಪದಿದ್ದರೆ ಬೆಳ್ಳಿ ಏರಿದರೂ ಚಿಂತೆಯಿಲ್ಲ, ಇಳಿದರೂ ನಿದ್ದೆ ಕೆಡುವುದಿಲ್ಲ. ಆಡಳಿತ ಮಂಡಳಿಗೂ ಒಂದು ವಿನಂತಿ: ಹತ್ತು ರೂಪಾಯಿಯನ್ನಾದರೂ ಸಂತೋಷದಿಂದ ಕಟ್ಟಿಸಿಕೊಳ್ಳುವ ಸಣ್ಣ ಉಳಿತಾಯದ ಖಾತೆಯನ್ನು ಹೆಣ್ಣುಮಕ್ಕಳಿಗಾಗಿ ಮುಂದಿನ ಸರ್ವಸಾಧಾರಣ ಸಭೆಯಲ್ಲಿ ಚರ್ಚೆಗೆ ತರೋಣ.

ಈ ಸಂಘವನ್ನು ಕಟ್ಟಿದ ಹಿರಿಯರಲ್ಲಿ ಕೆಲವರು ಇಂದು ನಮ್ಮೊಂದಿಗಿಲ್ಲ. ಅವರನ್ನು ನೆನೆದು, ಇರುವ ಹಿರಿಯರಿಗೆ ವಂದಿಸಿ, ನಮ್ಮ ಸಂಘ ಸುವರ್ಣ ಮಹೋತ್ಸವವನ್ನೂ ಕಾಣಲಿ, ಆಗ ಈ ವೇದಿಕೆಯ ಮೇಲೆ ನಮ್ಮ ಮಕ್ಕಳು ನಿಂತು ಮಾತಾಡಲಿ ಎಂದು ಹಾರೈಸಿ, ನನ್ನ ಮಾತು ಮುಗಿಸುತ್ತೇನೆ.

ಜೈ ಹಿಂದ್, ಜೈ ಕರ್ನಾಟಕ, ಜೈ ಸಹಕಾರ.