ಭಯವೂ ರಸವಾಗುವ ಪರಿ



ದೆವ್ವದ ಚಿತ್ರಗಳಿಗೆಂದೇ ಮೀಸಲಾದ ಈ ಉತ್ಸವವನ್ನು ಆರಂಭಿಸಿಕೊಡಬೇಕೆಂದು ತಾವು ಕೇಳಿದಾಗ ನನ್ನ ನೆನಪಿಗೆ ಮೊದಲು ಬಂದುದು ಯಾವ ವಿದೇಶೀ ಚಿತ್ರವೂ ಅಲ್ಲ. ನಮ್ಮೂರ ಟೂರಿಂಗ್ ಟಾಕೀಸಿನ ಡೇರೆಯಲ್ಲಿ ಮರಳಿನ ಮೇಲೆ ಕುಳಿತು ನೋಡಿದ ‘ನಾ ನಿನ್ನ ಬಿಡಲಾರೆ’. 1979ರ ಆ ಚಿತ್ರದಲ್ಲಿ, ಅನಂತನಾಗ್ ಮತ್ತು ಲಕ್ಷ್ಮಿಯವರ ದಾಂಪತ್ಯದ ನಡುವೆ ಪ್ರೇತವೊಂದು ಬಂದು ನಿಂತ ಬಗೆಯನ್ನು ಕಂಡು, ಎರಡನೆಯ ಆಟ ಬಿಟ್ಟ ಮೇಲೆ, ಅಣ್ಣನ ಅಂಗಿಯ ಚುಂಗು ಹಿಡಿದು ಕೆರೆಯೇರಿ ದಾಟಿ ಮನೆ ಸೇರುವವರೆಗೆ ನಾನು ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ. ಆದರೂ ಮರುದಿನ ಸಂಜೆ ಅದೇ ಡೇರೆಯ ಮುಂದೆ ನಿಂತಿದ್ದೆ.

ಅಂಜಿಕೆಯನ್ನು ಕಾಸು ಕೊಟ್ಟು ಕೊಳ್ಳುವ ಈ ಬಯಕೆಯನ್ನು ನಮ್ಮ ಪೂರ್ವಿಕರು ಹೀನವೆಂದು ಬಗೆಯಲಿಲ್ಲ. ಭರತಮುನಿಯು ಭಯಾನಕವನ್ನು ಎಂಟು ರಸಗಳಲ್ಲೊಂದಾಗಿ ಎಣಿಸಿ, ಅದಕ್ಕೆ ಕೃಷ್ಣವರ್ಣವನ್ನೂ ಕಾಲನೆಂಬ ಅಧಿದೇವತೆಯನ್ನೂ ವಿಧಿಸಿ, ಬೀಭತ್ಸವನ್ನು ಅದರಿಂದ ಬೇರೆಯಾಗಿಯೇ ಇರಿಸಿದನು. ಆ ವಿವೇಕವನ್ನು ಇಂದಿನ ಚಿತ್ರಕಾರರಲ್ಲಿ ಅನೇಕರು ಮರೆತಿರುವರೆಂಬುದು ನನ್ನ ವ್ಯಥೆ. ನೆತ್ತರು, ಕರುಳು, ಕೊಳೆತ ಶವ ಇವುಗಳಿಂದ ಹುಟ್ಟುವುದು ಜುಗುಪ್ಸೆ. ಭಯವಾದರೋ, ಕಾಣದುದನ್ನು ಮನಸ್ಸು ತಾನೇ ಚಿತ್ರಿಸಿಕೊಳ್ಳತೊಡಗಿದಾಗ ಮಾತ್ರ ಮೂಡತಕ್ಕದ್ದು.

ನಾಳೆ ಪ್ರದರ್ಶಿತವಾಗಲಿರುವ, 1942ರ ‘ಕ್ಯಾಟ್ ಪೀಪಲ್’ ಚಿತ್ರವನ್ನು ಈ ದೃಷ್ಟಿಯಿಂದ ನೋಡಬೇಕೆಂದು ಬೇಡುತ್ತೇನೆ. ನಿರ್ಮಾಪಕ ವಾಲ್ ಲ್ಯೂಟನ್ನರ ಕೈಯಲ್ಲಿದ್ದ ಹಣ ಸ್ವಲ್ಪ. ನಿರ್ದೇಶಕ ಜಾಕ್ ಟೂರ್ನರರಿಗೆ ಧಾರಾಳವಾಗಿ ದೊರೆತ ಸಾಮಗ್ರಿಯೆಂದರೆ ನೆರಳೊಂದೇ. ಇರುಳಲ್ಲಿ, ಕಲ್ಲುಗೋಡೆಯ ಪಕ್ಕದ ನಿರ್ಜನ ಬೀದಿಯಲ್ಲಿ ಹೆಣ್ಣೊಬ್ಬಳು ನಡೆಯುತ್ತಿರುವಳು. ಹಿಂದಿನಿಂದ ಇನ್ನೊಬ್ಬಳ ಹೆಜ್ಜೆಯ ಸದ್ದು. ಬೆಳಕಿನಿಂದ ಕತ್ತಲೆಗೆ, ಕತ್ತಲೆಯಿಂದ ಬೆಳಕಿಗೆ ಸಾಗುವಾಗ ಆ ಎರಡನೆಯ ಸದ್ದು ತಟಕ್ಕನೆ ಅಡಗುತ್ತದೆ. ತಿರುಗಿ ನೋಡಿದರೆ ಯಾರೂ ಇಲ್ಲ. ಅವಳ ನಡಿಗೆ ಓಟವಾಗುತ್ತದೆ. ಮೃಗವೇ ಎರಗಿತೆಂಬಂತೆ ಬುಸುಗುಟ್ಟುತ್ತ ಪರದೆಯೊಳಕ್ಕೆ ನುಗ್ಗಿ ನಿಲ್ಲುವುದು ಒಂದು ಬಸ್ಸು! ನಮ್ಮ ಎದೆಯನ್ನು ನಡುಗಿಸಿದುದು ಆ ಬಸ್ಸಲ್ಲ, ಅದಕ್ಕೂ ಮುಂಚಿನ ನಿಶ್ಶಬ್ದ. ಈ ತಂತ್ರಕ್ಕೆ ಮುಂದೆ ‘ಲ್ಯೂಟನ್ ಬಸ್’ ಎಂದೇ ಹೆಸರು ನಿಂತಿತು.

ಹೊಸಬರು ಈ ಮರ್ಮವನ್ನು ಪೂರ್ತಿ ಮರೆತಿಲ್ಲವೆಂಬುದು ಸಂತೋಷದ ವಾರ್ತೆ. ಬಣ್ಣಗಳ ಈ ಯುಗದಲ್ಲಿ, 2024ರಲ್ಲಿ, ರಾಹುಲ್ ಸದಾಶಿವನ್ ಅವರು ಮಲಯಾಳದ ‘ಭ್ರಮಯುಗಂ’ ಚಿತ್ರವನ್ನು ಕಪ್ಪು ಬಿಳುಪಿನಲ್ಲಿ ತೆಗೆದು, ಮಮ್ಮೂಟ್ಟಿಯವರ ಮುಖವನ್ನೇ ಒಂದು ಪಾಳುಮನೆಯಂತೆ ಮಾಡಿರುವರು. ದೂರದರ್ಶನದ ಧಾರಾವಾಹಿಗಳನ್ನು ಮೆಚ್ಚುವವರು 2018ರ ‘ದಿ ಹಾಂಟಿಂಗ್ ಆಫ್ ಹಿಲ್ ಹೌಸ್’ ನೋಡಲಿ: ಮಾತನಾಡುವವರ ಹಿಂದಿನ ಬಾಗಿಲ ಸಂದಿಯಲ್ಲಿ, ಮೆಟ್ಟಿಲ ಮರೆಯಲ್ಲಿ, ನಮ್ಮ ಗಮನಕ್ಕೆ ಬಾರದಂತೆ ಪ್ರೇತಗಳನ್ನು ನಿಲ್ಲಿಸಿರುವರು. 2004ರ ನಮ್ಮ ‘ಆಪ್ತಮಿತ್ರ’ವನ್ನು ಎಲ್ಲರೂ ಬಲ್ಲಿರಿ, ಅದರ ಮೂಲವಾದ, 1993ರ ‘ಮಣಿಚಿತ್ರತ್ತಾಳ್’ ಚಿತ್ರದಲ್ಲಿ ಶೋಭನಾ ಅವರ ಅಭಿನಯವನ್ನು ನೋಡದವರು ಈ ವಾರ ತಪ್ಪದೆ ನೋಡಬೇಕು.

ಇಂದಿನ ಚಿತ್ರ ಮೂರ್ನೌ ಅವರ ‘ನೊಸ್ಫೆರಾಟು’. 1922ರಲ್ಲಿ ತೆರೆಕಂಡ ಈ ಮೂಕಿಚಿತ್ರವು ‘ಡ್ರಾಕುಲಾ’ ಕಾದಂಬರಿಯನ್ನು ಅನುಮತಿಯಿಲ್ಲದೆ ಬಳಸಿಕೊಂಡಿತೆಂದು ಲೇಖಕರ ಪತ್ನಿ ದಾವೆ ಹೂಡಲಾಗಿ, ಪ್ರತಿಗಳನ್ನೆಲ್ಲ ನಾಶಪಡಿಸಬೇಕೆಂದು ಜರ್ಮನಿಯ ನ್ಯಾಯಾಲಯವು 1925ರಲ್ಲಿ ಆಜ್ಞಾಪಿಸಿತು. ಆಕೆಯ ಪಕ್ಷದಲ್ಲಿ ನ್ಯಾಯವಿತ್ತೆಂಬುದನ್ನು ಒಪ್ಪುತ್ತಲೇ, ಆ ಆಜ್ಞೆಯ ಕಣ್ಣು ತಪ್ಪಿಸಿ ಉಳಿದ ಕೆಲವೇ ಪ್ರತಿಗಳಿಗಾಗಿ ನಾನು ಕೃತಜ್ಞನಾಗಿದ್ದೇನೆ. ನೀಳವಾದ ಬೆರಳುಗಳನ್ನು ಚಾಚಿ ಮೆಟ್ಟಿಲೇರುವ ಆ ನೆರಳನ್ನು ಇನ್ನು ಸ್ವಲ್ಪ ಹೊತ್ತಿನಲ್ಲಿ ತಾವೇ ಕಾಣುವಿರಿ.

ಈ ಹಣತೆಯನ್ನು ಹಚ್ಚಿ ಉತ್ಸವವನ್ನು ಸಂತೋಷದಿಂದ ಉದ್ಘಾಟಿಸುತ್ತಿದ್ದೇನೆ. ಸಭಾಂಗಣದ ದೀಪಗಳನ್ನು ಇನ್ನು ಆರಿಸಬಹುದು.