ಗುಳೆಯಲ್ಲ, ಒಂದು ವರ್ಷದ ಯೋಜನೆ

(ಸಿಂಧನೂರಿನ ಯುವಜನರ ಸಭೆಯಲ್ಲಿ ಆಡಿದ ಮಾತುಗಳು)



ಹತ್ತನೆಯ ತರಗತಿಯೋ ಪಿ.ಯು.ಸಿ.ಯೋ ಮುಗಿದ ಮೇಲೆ ಒಂದು ವರ್ಷ ಬೆಂಗಳೂರಿನಲ್ಲಿ ಇದ್ದು ಬರುತ್ತೇವೆಂದು ನಿಮ್ಮಲ್ಲಿ ಹಲವರು ಹೇಳುತ್ತಿದ್ದೀರಿ. ಉಳ್ಳವರ ಮಕ್ಕಳೂ ಹೀಗೆ ಒಂದು ವರ್ಷ ಓದಿಗೆ ಬಿಡುವು ಕೊಟ್ಟು ದೊಡ್ಡ ಪಟ್ಟಣ ಸೇರುತ್ತಾರೆ. ಅವರದಕ್ಕೆ ಲೋಕಾನುಭವ ಎಂದು ಹೆಸರು. ನಮ್ಮದಕ್ಕೆ ಗುಳೆ ಎಂದು ಹೆಸರು. ಹೋಗಬೇಡಿರೆಂದು ಹೇಳಲು ನಾವು ಬಂದಿಲ್ಲ. ಹೋದವರು ಮರಳಿ ಬರುವುದು ಹೇಗೆಂದು ನಿಮ್ಮೊಡನೆ ಯೋಚಿಸಲು ಬಂದಿದ್ದೇವೆ.

ನಮ್ಮ ಸೀಮೆ ಬರಡಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆ ಸಿಂಧನೂರನ್ನು ಭತ್ತದ ಸೀಮೆ ಮಾಡಿತು. ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಚಿನ್ನವಿದೆ. ಆದರೂ ಕಾಲುವೆಯ ಕೊನೆಯ ರೈತನಿಗೆ ನೀರಿನ ಭರವಸೆಯಿಲ್ಲ. ಲಿಂಗಸುಗೂರು, ಮಸ್ಕಿಗಳ ಒಣಹೊಲಗಳು ಮುಗಿಲು ನೋಡುತ್ತವೆ. 2024ರ ಆಗಸ್ಟಿನಲ್ಲಿ ಸರಪಳಿ ತುಂಡಾಗಿ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ, ನಮ್ಮ ಅನ್ನ ಎಂಥ ಸರಪಳಿಗೆ ತೂಗುತ್ತಿದೆಯೆಂದು ಎಲ್ಲರೂ ಕಂಡೆವು. ಭತ್ತ ಹೊರಗೆ ಹೋಗುತ್ತದೆ, ಚಿನ್ನ ಹೊರಗೆ ಹೋಗುತ್ತದೆ, ಹಿಂದೆಯೇ ಮಕ್ಕಳೂ ಹೋಗುತ್ತಾರೆ. ಅದೇ 2024ರಲ್ಲಿ ಸಿಂಧನೂರಿಗೆ ರೈಲು ಬಂದಿತು. ಅದು ಒಯ್ಯುವುದಕ್ಕೆ ಮಾತ್ರ ಬಂದದ್ದಾಗಬಾರದು.

ಆದ್ದರಿಂದ ಹೊರಡುವವರು ಕೆಲವು ಮಾತುಗಳನ್ನು ಕಟ್ಟಿಕೊಳ್ಳಿರಿ.

ಮೊದಲನೆಯದು, ಮೇಸ್ತ್ರಿಯ ಮುಂಗಡ ಮುಟ್ಟಬೇಡಿರಿ. ಮುಂಗಡ ಪಡೆದ ದಿನವೇ ಆ ವರ್ಷ ನಿಮ್ಮದಲ್ಲ. ಸಾಲಕ್ಕೆ ಮೈ ಒತ್ತೆಯಿಡುವುದನ್ನು 1976ರ ಕಾಯಿದೆ ರದ್ದು ಮಾಡಿದೆ. ಮುಂಗಡದ ಹೆಸರಿನಲ್ಲಿ ಅದು ಮತ್ತೆ ಮನೆ ಹೊಗದಿರಲಿ.

ಎರಡನೆಯದು, ವಯಸ್ಸು ಸುಳ್ಳು ಹೇಳಬೇಡಿರಿ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಲು 18 ವರ್ಷ ತುಂಬಿರಬೇಕು, ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದಿರಬೇಕು. ಹದಿನಾರರ ಹುಡುಗನ ಹೆಸರು ಆ ಪುಸ್ತಕದಲ್ಲಿ ಇರುವುದಿಲ್ಲ. ಸಾರುವೆಯಿಂದ ಬಿದ್ದರೆ ಅವನು ಯಾರವನೂ ಅಲ್ಲ. ತಂದೆತಾಯಿಗಳೇ, ಹತ್ತನೆಯದು ಮುಗಿಸಿದವನನ್ನು ಕಳಿಸಬೇಡಿರಿ. ನಪಾಸಾದವನಿಗೂ ಅದೇ ವರ್ಷ ಮರುಪರೀಕ್ಷೆಯಿದೆ. ತಾಲೂಕಿನಲ್ಲಿ ಐ.ಟಿ.ಐ. ಇದೆ.

ಮೂರನೆಯದು, ಮೂಲ ಅಂಕಪಟ್ಟಿಯನ್ನು ಯಾರ ಕೈಗೂ ಕೊಡಬೇಡಿರಿ. ಹೊರಡುವ ಮುನ್ನ ಲಿಂಗಸುಗೂರಿನ ಸಹಾಯಕ ಆಯುಕ್ತರ ಕಚೇರಿಯಿಂದ 371 ಜೆ ವಿಧಿಯ ಪ್ರಮಾಣಪತ್ರ ಮಾಡಿಸಿಡಿರಿ. 2012ರ 98ನೆಯ ತಿದ್ದುಪಡಿಯಿಂದ ದೊರೆತ ಆ ಹಕ್ಕು ಓದಿನ ಸೀಟಿಗೂ ಇದೆ, ನೌಕರಿಗೂ ಇದೆ. ಆದರೆ ಓದು ಬಿಟ್ಟವನಿಗೆ ಆ ಮೀಸಲಾತಿ ಬರಿಯ ಕಾಗದ. ಮರಳಿ ಬಂದು ಯಾವ ಕಾಲೇಜಿಗೆ, ಯಾವ ತಿಂಗಳು ಅರ್ಜಿ ಹಾಕುವಿರೆಂಬುದನ್ನು ಇಂದೇ ಬರೆದಿಡಿರಿ. ಗಳಿಕೆಯಲ್ಲಿ ಆ ಶುಲ್ಕದ ಹಣವನ್ನು ಮೊದಲು ತೆಗೆದಿಡಿರಿ.

ತಂಗಿಯರ ಮಾತು ಬೇರೆ. ಅವರಿಗೆ ಈ ಒಂದು ವರ್ಷ ಮದುವೆಯ ಮಾತಾಗಿ ಬರುತ್ತದೆ. ಅಣ್ಣನಿಗೆ ಮರಳುವ ದಾರಿಯಾದರೂ ಇದೆ. ಓದು ಬಿಡಿಸಿ ಮದುವೆ ಮಾಡಿದ ಮಗಳಿಗೆ ಅದೂ ಇಲ್ಲ. ಅವಳ ಓದು ಒಂದು ದಿನವೂ ನಿಲ್ಲಬಾರದೆಂದು ಪ್ರತಿ ಮನೆಯವರೂ ಮಾತು ಕೊಡಬೇಕು.

ಸರ್ಕಾರವನ್ನು ನಾವು ಕೇಳುವುದು ಇಷ್ಟೇ: ಕಾಲುವೆಯ ಕೊನೆಗೂ ನೀರು, ಇಲ್ಲಿಯೇ ಕಸುಬು ಕಲಿಯುವ ಅವಕಾಶ, ಬೆಂಗಳೂರಿನಲ್ಲಿ ದುಡಿಯುವ ನಮ್ಮ ಮಕ್ಕಳಿಗೆ ತಗಡಿನ ಶೆಡ್ಡಿಗಿಂತ ಮೇಲಾದ ವಸತಿ. ಇದು ಭಿಕ್ಷೆಯಲ್ಲ, ಆ ಪಟ್ಟಣವನ್ನು ಕಟ್ಟುತ್ತಿರುವವರ ಬಾಕಿ.

ನಮ್ಮ ಪಾಲಿನ ಕೆಲಸವೂ ಇದೆ. ಪ್ರತಿ ಹಳ್ಳಿಯಲ್ಲಿ ಒಂದು ಪುಸ್ತಕ ಇಡಿರಿ. ಯಾರು ಹೋದರು, ಯಾವ ಕೆಲಸಕ್ಕೆ, ಯಾವ ಮೇಸ್ತ್ರಿಯ ಜೊತೆ, ಮರಳುವ ದಿನ ಯಾವುದು ಎಂದು ಬರೆಯಿರಿ. ಆ ದಿನ ಬಾರದವನನ್ನು ಊರೇ ವಿಚಾರಿಸಬೇಕು.

1915ರಲ್ಲಿ ಮಸ್ಕಿಯ ಬಂಡೆಯಲ್ಲಿ ಅಶೋಕನ ಹೆಸರು ದೊರೆತಾಗ ಲೋಕವೆಲ್ಲ ಇತ್ತ ತಿರುಗಿ ನೋಡಿತು. ಹಿರಿಯರಿಗಷ್ಟೇ ಅಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ಸಾಧ್ಯವೆಂಬುದು ಆ ಶಾಸನದ ತಾತ್ಪರ್ಯ. ಎರಡು ಸಾವಿರ ವರ್ಷಕ್ಕೂ ಹಿಂದೆ ನಮ್ಮ ನೆಲದ ಮೇಲೆ ಬರೆದ ಮಾತನ್ನು ನಮ್ಮ ಮಕ್ಕಳ ಪಾಲಿಗೆ ನಿಜ ಮಾಡೋಣ.