ಧಾರವಾಡದಿಂದ ಹೋದ ಅರ್ಜಿ



ಹತ್ತೊಂಬತ್ತನೆಯ ಶತಮಾನದಲ್ಲಿ ಜಾತಿಯ ವಿರುದ್ಧ ನಡೆದ ಹೋರಾಟ ಎಂದೊಡನೆ ನಮಗೆ ನೆನಪಾಗುವುದು ಪುಣೆ ಮತ್ತು ಜೋತಿಬಾ ಫುಲೆ. ಹಾನಗಲ್, ಶಿಗ್ಗಾಂವ, ಹಿರೇಕೆರೂರು, ಸವಣೂರು ಯಾರಿಗೂ ನೆನಪಾಗುವುದಿಲ್ಲ. ಆಗ ಇವು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯ ಊರುಗಳು. ಶಿಗ್ಗಾಂವ ಬಂಕಾಪುರ ತಾಲೂಕಿಗೆ ಸೇರಿತ್ತು, ಹಿರೇಕೆರೂರು ಕೋಡ ತಾಲೂಕಿಗೆ. ಸವಣೂರು ಮಾತ್ರ ನವಾಬರ ಸಂಸ್ಥಾನ. ಫುಲೆಯವರ ಸತ್ಯಶೋಧಕ ಸಮಾಜ ಹುಟ್ಟಿದ್ದು 1873ರಲ್ಲಿ. ಅದಕ್ಕೂ 17 ವರ್ಷ ಮೊದಲೇ ನಮ್ಮ ಜಿಲ್ಲೆಯ ಒಬ್ಬ ಹುಡುಗ ಸರಕಾರವನ್ನೇ ಪ್ರಶ್ನೆ ಮಾಡಿದ್ದ.

1856ರ ಜೂನ್ ತಿಂಗಳು. ಧಾರವಾಡದ ಸರಕಾರಿ ಶಾಲೆಗೆ ಸೇರಲು ಬಂದ ಮಹಾರ್ ಜಾತಿಯ ಹುಡುಗನನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಅವನು ಸುಮ್ಮನೆ ಮನೆಗೆ ಹೋಗಲಿಲ್ಲ, ಮುಂಬಯಿ ಸರಕಾರಕ್ಕೆ ಅರ್ಜಿ ಬರೆದ. ಆ ಧೈರ್ಯವನ್ನು ಊಹಿಸಿಕೊಳ್ಳಿ! ಅನ್ಯಾಯವಾಗಿದೆ ಎಂಬುದನ್ನು ಸರಕಾರ ಅಲ್ಲಗಳೆಯಲಿಲ್ಲ. ಆದರೆ ಒಬ್ಬನನ್ನು ಸೇರಿಸಿಕೊಂಡರೆ ಉಳಿದವರೆಲ್ಲ ಶಾಲೆ ಬಿಟ್ಟಾರು ಎಂಬ ಅಳುಕಿನಿಂದ ಕೈಕಟ್ಟಿ ಕೂತಿತು. ಇದನ್ನು ನಾನು ಹೇಡಿತನ ಎಂದೇ ಕರೆಯುತ್ತೇನೆ. ವಿಷಯ ಲಂಡನ್ನಿಗೂ ಹೋಯಿತು. ಸರಕಾರಿ ಶಾಲೆಗಳು ಎಲ್ಲ ಪ್ರಜೆಗಳಿಗೂ ತೆರೆದಿರಬೇಕೆಂದು 1858ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು ಬರೆದರು. ಬರೆದದ್ದು ಕಾಗದದಲ್ಲೇ ಉಳಿಯಿತು. 1928ರಲ್ಲಿ ಸೈಮನ್ ಆಯೋಗದ ಮುಂದೆ ದಲಿತರ ಶಿಕ್ಷಣದ ಸ್ಥಿತಿಯನ್ನು ಮಂಡಿಸುವಾಗ ಅಂಬೇಡ್ಕರ್ ಅವರು ಇದೇ ಧಾರವಾಡದ ಪ್ರಕರಣವನ್ನು ಎತ್ತಿ ತೋರಿಸಬೇಕಾಯಿತು.

ಅದೇ ಕಾಲದಲ್ಲಿ ಶಿಗ್ಗಾಂವದ ಹತ್ತಿರದ ಶಿಶುನಾಳದಲ್ಲಿ ತತ್ವಪದಕಾರ ಷರೀಫರಿದ್ದರು. 1819ರಲ್ಲಿ ಹುಟ್ಟಿದ ಅವರು ಕೆಲಕಾಲ ಶಾಲಾ ಮಾಸ್ತರರಾಗಿದ್ದರು. ಅವರ ಗುರು ಕಳಸದ ಗೋವಿಂದಭಟ್ಟರು ಬ್ರಾಹ್ಮಣರು. ಮುಸ್ಲಿಂ ಮನೆಯ ಷರೀಫರನ್ನು ಶಿಷ್ಯರನ್ನಾಗಿ ಸ್ವೀಕರಿಸಿದರು. ಊರಿನವರ ಆಕ್ಷೇಪಕ್ಕೆ ಜಗ್ಗದೆ ತಮ್ಮ ಜನಿವಾರವನ್ನೇ ಅವರ ಕೊರಳಿಗೆ ಹಾಕಿದರೆಂದು ನಮ್ಮ ಕಡೆ ಇಂದಿಗೂ ಹೇಳುತ್ತಾರೆ. ಷರೀಫರ ತತ್ವಪದಗಳನ್ನು ಎಲ್ಲ ಜಾತಿಯವರೂ ಹಾಡಿದರು. ಆದರೆ ಭಜನೆಯಲ್ಲಿ ಒಟ್ಟಿಗೆ ದನಿಗೂಡಿಸಿದ ಜನ, ಬಾವಿಕಟ್ಟೆಯಲ್ಲಿ ಮತ್ತೆ ಬೇರೆಯಾದರು. ಹಾಡು ಮನಸ್ಸನ್ನು ಮೃದು ಮಾಡಿತು, ಹಕ್ಕನ್ನು ಕೊಡಿಸಲಿಲ್ಲ. ಹಕ್ಕು ಕೇಳಿದ್ದು ಧಾರವಾಡದ ಆ ಅರ್ಜಿ. ನಮ್ಮ ಸೀಮೆಯ ಸುಧಾರಣೆಯ ಚರಿತ್ರೆಯನ್ನು ಅಲ್ಲಿಂದಲೇ ಶುರುಮಾಡಬೇಕೆಂಬುದು ನನ್ನ ನಿಲುವು.

ಆ ಚರಿತ್ರೆ ಇನ್ನೂ ಮುಗಿದಿಲ್ಲ. 2010ರ ಜುಲೈ ತಿಂಗಳಲ್ಲಿ ಸವಣೂರಿನ ಭಂಗಿ ಸಮುದಾಯದವರು, ತಮ್ಮನ್ನು ಮನೆಗಳಿಂದ ಎಬ್ಬಿಸುವುದನ್ನು ವಿರೋಧಿಸಿ, ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡರು. ಅವರ ಮೇಲೆ ಹೇರಿದ್ದ ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ ಕಾನೂನು 1993ರಲ್ಲೇ ಬಂದಿತ್ತು.

ಹಾನಗಲ್, ಶಿಗ್ಗಾಂವ, ಹಿರೇಕೆರೂರು, ಸವಣೂರು ತಾಲೂಕುಗಳ ಮಾಸ್ತರರಲ್ಲಿ, ಅಕ್ಕೋರಲ್ಲಿ ನನ್ನದೊಂದು ವಿನಂತಿ: 1856ರ ಆ ಹುಡುಗನ ಸಂಗತಿಯನ್ನು ನಿಮ್ಮ ತರಗತಿಯ ಮಕ್ಕಳಿಗೆ ಹೇಳಿರಿ.